ಹೆಂಡತಿಯ ಹಾಸನ, ಅವಳ ವೈರಸ್ಸು

ಮೊದಲ ಸಲ ಕೇಳಿದಾಗ ಅಡುಗೆಮನೆಗೆ ಬೇರೆ ಯಾರೋ ಹೆಂಗಸು ಬಂದಿದ್ದಾರೆ ಎಂದುಕೊಂಡೆ. "ಅಂಗಲ್ಲ ಕಣಮ್ಮ, ನಾನೇ ಬತ್ತೀನಿ, ಕರೂನ ಬ್ಯಾರೆ ಕಡೆ ಕಟ್ಟಾಕಿ" ಎನ್ನುತ್ತಿತ್ತು ದನಿ. ಬಗ್ಗಿ ನೋಡಿದರೆ ಫೋನು ಹಿಡಿದು ನಿಂತಿದ್ದವಳು ಸುನಂದಾ. ನನ್ನ ಹೆಂಡತಿ. ವಿಜಯಪುರದಲ್ಲಿ ನಮ್ಮ ಪಕ್ಕದ ಓಣಿಯಲ್ಲೇ ಹುಟ್ಟಿ ಬೆಳೆದವಳು.

ನಾನು ಹಾಸನಕ್ಕೆ ಬಂದಿಳಿದ ವಾರದ ಮಾತಿದು. ಅವಳು ನನಗಿಂತ ಮೊದಲೇ ಬಂದು ನೆಲೆಯಾಗಿದ್ದಳು. ಅವಳು ದನಗಳ ಡಾಕ್ಟರು. ಕಾಲುಬಾಯಿ ಜ್ವರ ಬಂದ ದನಗಳ ಮಾದರಿಗಳನ್ನು ಪರೀಕ್ಷಿಸುವುದು, ಹಳ್ಳಿಗಳಲ್ಲಿ ಲಸಿಕೆ ಹಾಕಿಸುವುದು ಅವಳ ಕೆಲಸ. ನಾನು ಚಿತ್ರಕಲೆಯ ಮೇಷ್ಟ್ರು. ವಿಜಯಪುರದ ನೌಕರಿ ಬಿಟ್ಟು ಬಂದು ಚನ್ನರಾಯಪಟ್ಟಣದ ಶಾಲೆಯೊಂದಕ್ಕೆ ಸೇರಿದೆ. ದಿನಾ ಬಸ್ಸಿನಲ್ಲಿ ಓಡಾಟ. "ಯಾಕ್ರೋ ಗದ್ಲ ಮಾಡಾಕತ್ತೀರಿ" ಎಂದು ನಾನು ಗದರಿದರೆ ಮಕ್ಕಳು ಸುಮ್ಮನಾಗುವ ಬದಲು ನಗುತ್ತಿದ್ದರು. ಅದೇ ಕನ್ನಡ, ಅದೇ ಲಿಪಿ. ಆದರೂ ನಾನು ಬಾಯಿ ತೆರೆದ ಕೂಡಲೇ ಹೊರಗಿನವನಾಗುತ್ತಿದ್ದೆ.

ನಮ್ಮ ಕಡೆ ರೊಟ್ಟಿ ಬಡಿಯುವ ಸದ್ದಿಗೆ ಹಸಿವಾಗುತ್ತದೆ. ಇಲ್ಲಿ ಮುದ್ದೆ ಸದ್ದಿಲ್ಲದೆ ತಟ್ಟೆಗೆ ಬಂದು ಕೂರುತ್ತದೆ. ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು. ನನಗೆ ಅದು ಗಂಟಲಲ್ಲೇ ನಿಲ್ಲುತ್ತಿತ್ತು. ಸುನಂದಾ ಮಾತಾಡುತ್ತಲೇ ನುಂಗುತ್ತಿದ್ದಳು. ಅದನ್ನು ನೋಡಿಯೂ ನನಗೆ ಹೊಟ್ಟೆಯುರಿಯುತ್ತಿತ್ತು ಎಂದರೆ ನೀವು ನಗಬಹುದು.

ಅವಳ ಜೊತೆ ಕೆಲಸ ಮಾಡುವ ಲೋಕೇಶ್ ಹೊಳೆನರಸೀಪುರದವರು, ಒಳ್ಳೆಯ ಮನುಷ್ಯ. ಆಗಾಗ ಸಂಜೆ ಚಹಾಕ್ಕೆ ಬರುತ್ತಿದ್ದರು. ಇಬ್ಬರೂ ಕಂಪ್ಯೂಟರಿನಲ್ಲಿ ವೈರಸ್ಸಿನ ಚಿತ್ರ ತೆರೆದುಕೊಂಡು ಕೂತರೆ ನಾನು ಕಪ್ಪು ತೊಳೆಯಲು ಎದ್ದು ಹೋಗುತ್ತಿದ್ದೆ. ಗಂಡನಿಗೆ ಬರುವ ಸಂಶಯ ನನ್ನದಲ್ಲ. ಅವಳು ಅವರ ಮಾತಿನಲ್ಲಿ ತಮಾಷೆ ಮಾಡುತ್ತಿದ್ದಳು, ಅವರು ನಗುತ್ತಿದ್ದರು. ನಾನು ಈ ಊರಿನಲ್ಲಿ ಇನ್ನೂ ಯಾರನ್ನೂ ಬೇಕೆಂದು ನಗಿಸಿರಲಿಲ್ಲ.

ಒಂದು ದಿನ ಸುಮ್ಮನಿರಲಾಗದೆ ಕೇಳಿದೆ: "ಈ ದುಂಡನ ಚಿಪ್ಪಿನ ಮ್ಯಾಲ ಹೊರಗ ಚಾಚೇದಲ್ಲ, ಅದೇನು?"

ಸುನಂದಾ ಕುರ್ಚಿ ಸರಿಸಿ ಜಾಗ ಕೊಟ್ಟಳು. ಅದೊಂದು ಕುಣಿಕೆಯಂತೆ. ದನದ ಜೀವಕೋಶಗಳ ಮೈಮೇಲೆ ಸುತ್ತಲಿನದನ್ನು ಹಿಡಿದುಕೊಂಡಿರಲು ಪುಟ್ಟ ಕೈಗಳಿರುತ್ತವೆ. ಕುಣಿಕೆಯ ತುದಿ ಆ ಕೈಗೆ ಸರಿಯಾಗಿ ಕೂರುತ್ತದೆ. ಕೋಶ ಅದನ್ನು ತನ್ನದೇ ಎಂದುಕೊಂಡು ಒಳಗೆ ಎಳೆದುಕೊಳ್ಳುತ್ತದೆ. ಬಾಯಿಯಲ್ಲಿ, ಗೊರಸಿನ ಸಂದಿಯಲ್ಲಿ ಅಂಥ ಕೈಗಳು ಹೆಚ್ಚು. ಗುಳ್ಳೆ ಏಳುವುದೂ ಅಲ್ಲೇ. ತುದಿ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ, ಅದರ ಅಕ್ಕಪಕ್ಕ ಮಾತ್ರ ಬದಲಾಗುತ್ತಲೇ ಇರುತ್ತದೆ.

"ಇದನ್ನ ದೊಡ್ಡದಾಗಿ ಬರಕೊಡ್ರಿ. ಹಳ್ಳಿಯೊಳಗ ತೋರಸಾಕ ಬೇಕು" ಎಂದಳು.

ಬರೆದುಕೊಟ್ಟೆ. ಹೀಗೆ ಒಂದು ಭಾನುವಾರ ಆ ಚಿತ್ರದ ಸುರುಳಿ ಹಿಡಿದು ಅವಳ ಹಿಂದೆ ಅರಕಲಗೂಡು ದಾಟಿ ಮಲ್ಲಿಪಟ್ಟಣಕ್ಕೆ ಹೋದೆ. ಪಕ್ಕದ ಹಳ್ಳಿಯಲ್ಲಿ ಜ್ವರ ಕಾಣಿಸಿಕೊಂಡಿತ್ತು. ಇಲ್ಲಿ ಜಯಮ್ಮ ಎಂಬಾಕೆ ತನ್ನ ಹಸುಗಳಿಗೆ ಲಸಿಕೆ ಬೇಡವೆಂದು ಕೂತಿದ್ದರು. ಅವರು ಬೇಡವೆಂದರೆ ಆ ಬೀದಿಯವರಿಗೂ ಬೇಡ.

"ಓದ್ಸಲ ಹಾಕ್ಸಿದ್ವಲ್ಲವ್ವ, ಆಲು ಕಮ್ಮಿ ಆಯ್ತು. ಆಮ್ಯಾಕೆ ಜ್ವರಾನೂ ಬಂತು. ಇನ್ಯಾಕೆ?" ಎಂದರು ಜಯಮ್ಮ.

ಸುನಂದಾ ಅವರದೇ ಮಾತಿನಲ್ಲಿ, ತಪ್ಪಿಲ್ಲದೆ, ಬಹಳ ಹೊತ್ತು ಹೇಳಿದಳು. ಹಾಲು ಕೆಲವೇ ದಿನ ಕಡಿಮೆಯಾಗುವುದೆಂದೂ ಹೇಳಿದಳು. ಚಿತ್ರವನ್ನೂ ಬಿಡಿಸಿ ತೋರಿಸಿದಳು. "ಇದೇನು, ಸೀತಾಫಲವಾ?" ಎಂದು ಜಯಮ್ಮ ಕೇಳಿದಾಗ ನನ್ನ ಕಿವಿ ಬಿಸಿಯಾಯಿತು. ಜನ ಎದ್ದು ಹೊರಡತೊಡಗಿದರು.

ಅಷ್ಟರಲ್ಲಿ ಜಯಮ್ಮನ ಸೀರೆಯಂಚಿಗೆ ಅಂಟಿದ್ದ ಉತ್ತರಾಣಿ ಗಿಡದ ಮುಳ್ಳುಕಾಳುಗಳು ಕಣ್ಣಿಗೆ ಬಿದ್ದವು. ಅದು ನಮ್ಮ ಕಡೆಯೂ ಉಂಟು. ಯೋಚಿಸದೆ ಬಾಯಿಗೆ ಬಂತು: "ಅವ್ವಾರ, ಇದು ನಿಮ್ಮ ಸೀರಿಗೆ ಅಂಟೇತಿ. ಸ್ಟೀಲ್ ಕೊಡಕ್ಕ ಯಾಕ ಅಂಟಂಗಿಲ್ಲ?"

"ಕೊಡದಾಗೆ ನೂಲೆಲ್ಲೈತೆ ಸಾ?"

"ಹೌದಲ್ರಿ. ಮುಳ್ಳಿಗೆ ನೂಲು ಸಿಕ್ಕರ ಹಿಡೀತೈತಿ. ಈ ಬ್ಯಾನಿಗೂ ಒಂದು ಮುಳ್ಳೈತಿ. ದನದ ಬಾಯಾಗ, ಗೊರಸಿನ್ಯಾಗ ಅದಕ್ಕ ಬೇಕಾದ ನೂಲೈತಿ." ಒಂದು ಕಾಳು ಕಿತ್ತು ಹಸಿ ಸಗಣಿಯಲ್ಲಿ ಹೊರಳಿಸಿ ನನ್ನ ಅಂಗಿಯ ತೋಳಿಗೆ ಒತ್ತಿದೆ. ಅಂಗಿ ಕೊಳೆಯಾಯಿತು, ಕಾಳು ಜಾರಿ ಬಿತ್ತು. "ಲಸಿಕಿ ಹಾಕಿಸಿದ್ರ ದನದ ಮೈಯೇ ಹಿಂಗ ಆ ಮುಳ್ಳು ಮುಚ್ಚತೈತಿ. ಆದ್ರ ಮುಳ್ಳು ಆಗಾಗ ರೂಪ ಬದಲಸತೈತಿ, ಮೈಯೂ ಮರೀತೈತಿ. ಅದಕ್ಕ ಮತ್ತ ಮತ್ತ ಹಾಕಸಬೇಕ್ರಿ."

ಜಯಮ್ಮ ಬಿದ್ದ ಕಾಳನ್ನೂ ನನ್ನ ಅಂಗಿಯನ್ನೂ ನೋಡಿ ನಕ್ಕರು. ಬೀದಿಯವರೂ ನಕ್ಕರು. ಚನ್ನರಾಯಪಟ್ಟಣದ ಮಕ್ಕಳ ನಗೆಯಂತಿರಲಿಲ್ಲ ಅದು. "ನಿಮ್ಮ ಯಜಮಾನ್ರ ಮಾತು ವಸಿ ವಿಚಿತ್ರ. ಆದ್ರೂ ಈಗ ತಿಳೀತು ಕಣವ್ವ. ಹಾಕಿ" ಎಂದು ಸುನಂದಾಗೆ ಹೇಳಿ ಹಸು ಬಿಚ್ಚಲು ಎದ್ದರು. ಆ ಬೀದಿಯ ಒಂದು ಕೊಟ್ಟಿಗೆಯೂ ಬಿಡದಂತೆ ಲಸಿಕೆ ಆಯಿತು.

ವಾಪಸು ಬರುವಾಗ ಜೀಪಿನಲ್ಲಿ ಸುನಂದಾ ಚಿತ್ರವನ್ನು ಬಿಗಿಯಾಗಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು. ಬಹಳ ದೂರ ಬಂದ ಮೇಲೆ, "ಅದು ಮುಳ್ಳಲ್ಲ. ಕುಣಿಕೆ" ಎಂದಳು.

"ಗೊತ್ತೈತಿ. ನೀನ ಹೇಳಿದ್ದಲ್ಲ."

"ಅವರ ಮಾತು ಕಲೀಲಿಕ್ಕೆ ನಾ ಎಷ್ಟು ಒದ್ದಾಡೀನಿ ಗೊತ್ತದನ? ಕನ್ನಡಿ ಮುಂದ ನಿಂತು ಕಲ್ತೀನಿ. ನೀವು ಬಂದ್ರಿ, ನಮ್ಮ ಮಾತಿನಾಗ ಹೇಳಿದ್ರಿ, ಆತು."

ಕನ್ನಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಈ ಊರು ಅವಳಿಗೆ ತಾನಾಗಿ ಒಲಿದಿದೆ ಎಂದುಕೊಂಡು ಇಷ್ಟು ತಿಂಗಳು ಕುದಿದಿದ್ದೆ. ಈಗ ಅದೇ ಉರಿ ಅವಳ ಮುಖದಲ್ಲಿ ಕಂಡಿತು. ಹೇಳಲು ನಾಚಿಕೆ, ಆದರೂ ನನಗೆ ಸ್ವಲ್ಪ ಹಿತವಾಯಿತು.

ಅರಕಲಗೂಡಿನಲ್ಲಿ ಚಹಾಕ್ಕೆ ಇಳಿದೆವು. "ಎಲ್ಡು ಟೀ ಕೊಡಿ ಅಣ್ಣ, ಸಕ್ಕರೆ ವಸಿ ಕಮ್ಮಿ" ಎಂದಳು ಸುನಂದಾ. ನಾನು, "ನನ್ನದಕ್ಕ ಜಾಸ್ತಿ ಹಾಕ್ರಿ" ಎಂದೆ. ಅಂಗಡಿಯವನು ಇಬ್ಬರನ್ನೂ ನೋಡಿದ.

"ಯಾವ ಕಡೆಯೋರು ಸಾ?"

"ಹಾಸನ ರೀ" ಎಂದೆ.

ಅವನು ನಕ್ಕ. "ಹಾಸನದೋರು ರೀ ಅನ್ನಾಕಿಲ್ಲ ಸಾ."

ಸುನಂದಾ ಗ್ಲಾಸು ತುಟಿಗಿಟ್ಟವಳು ಹಾಗೇ ನಿಲ್ಲಿಸಿ, ಕೇಳದೆ ತನ್ನ ಸೀರೆ ಉಟ್ಟುಕೊಂಡ ತಂಗಿಯನ್ನು ಅಕ್ಕ ನೋಡುವ ಹಾಗೆ ನನ್ನನ್ನು ನೋಡಿದಳು. ಆಮೇಲೆ ಅಂಗಡಿಯವನ ಕಡೆ ತಿರುಗಿ, ನಮ್ಮ ಓಣಿಯ ರಾಗದಲ್ಲೇ ಹೇಳಿದಳು: "ಇನ್ನ ಕಲಿಯಾಕತ್ತಾರ್ರಿ. ನಾವಿಬ್ರೂ."