ಮುತ್ತಜ್ಜಿಯ ಓಢಣಿ ತೊಳೆದ ಬಸವೇಶ್ವರಿ

ಬಸವೇಶ್ವರಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಗಂಡ ಉದಯಕುಮಾರ ಜರ್ಮನಿಯ ಗ್ರೀನ್ ಕಾರ್ಡ್ ಮೇಲೆ, ಅವಳನ್ನೂ ಕರೆದುಕೊಂಡು, ಆಖೆನ್ ನಗರಕ್ಕೆ ಬಂದ. ಹೆಂಡತಿ ಸದ್ಯಕ್ಕೆ ಕೆಲಸಕ್ಕೆ ಹೋಗುವಂತಿಲ್ಲ ಎಂದಿತು ಅಲ್ಲಿನ ಕಾನೂನು. ಬಾಗಲಕೋಟೆಯಲ್ಲಿ ಹೈಸ್ಕೂಲು ಟೀಚರಾಗಿದ್ದವಳು ಇಲ್ಲಿ ಹಳೆಯ ಇಳಕಲ್ ಸೀರೆಗಳನ್ನು ಹರಿದು ಕೌದಿ ಹೊಲಿಯತೊಡಗಿದಳು. ಕೈಗೆ ಏನಾದರೂ ಬೇಕಲ್ಲ!

ಬಾಲ್ಕನಿಯಲ್ಲಿ ಒಣಹಾಕಿದ್ದ ಕೌದಿ ಕಂಡು ಕೆಳಗಿನ ಮನೆಯ ಸುಭದ್ರಾ ಮೇಲೆ ಹತ್ತಿ ಬಂದಳು. ದಕ್ಷಿಣ ಅಮೆರಿಕದ ಸುರಿನಾಮಿನಲ್ಲಿ ಹುಟ್ಟಿದ ಕಲಾವಿದೆ. ಅವಳ ಮುತ್ತಜ್ಜಿಯನ್ನು ಅಲ್ಲಿನ ಕಬ್ಬಿನ ತೋಟದ ಕೂಲಿಗೆಂದು ಕಲ್ಕತ್ತೆಯಲ್ಲಿ ಹಡಗು ಹತ್ತಿಸಿದ್ದರಂತೆ. ಇಬ್ಬರ ಹಿಂದಿಯೂ ಅಷ್ಟಕ್ಕಷ್ಟೇ, ಆದರೂ ಹರಟೆಗೇನೂ ಅಡ್ಡಿಯಾಗಲಿಲ್ಲ. ಕಟ್ಟಡದ ಉಳಿದವರಿಗೆಲ್ಲ ಬಸವೇಶ್ವರಿ ಬರೀ 'ಫ್ರಾವ್ ಉದಯಕುಮಾರ', ಅಂದರೆ ಉದಯಕುಮಾರನ ಶ್ರೀಮತಿ. ಹೆಸರು ಹಿಡಿದು ಕರೆಯುವವಳು ಇವಳೊಬ್ಬಳೇ.

ಒಂದು ದಿನ ಸುಭದ್ರಾ ತಲೆಗೆ ಹೊದೆಯುವ ಹಳೆಯ ಓಢಣಿಯೊಂದನ್ನು ತಂದಳು. "ಮುತ್ತಜ್ಜಿಯದು. ಫೋಟೋ ಇಲ್ಲ, ಸಮಾಧಿ ಇಲ್ಲ, ಊರು ಯಾವುದೋ ಗೊತ್ತಿಲ್ಲ. ಉಳಿದದ್ದು ಇದೊಂದೇ. ಕೌದಿಯ ನಡುವೆ ಇಟ್ಟು ಹೊಲಿದುಕೊಡು. ಕಲೋನ್‌ನಲ್ಲಿ ನನ್ನ ಕಲಾಪ್ರದರ್ಶನವಿದೆ, ಅಲ್ಲಿ ಇಡುತ್ತೇನೆ."

ತೊಳೆಯದ ಬಟ್ಟೆಯನ್ನು ಯಾರಾದರೂ ಕೌದಿಗೆ ಹಚ್ಚುತ್ತಾರೆಯೇ? ಬಸವೇಶ್ವರಿ ನೆನೆಹಾಕಿ, ಮೆಲ್ಲಗೆ ಸೋಪು ಹಚ್ಚಿ, ನೆರಳಲ್ಲಿ ಒಣಗಿಸಿದಳು. ಕಬ್ಬಿನ ರಸದ ಕಂದು ಕಲೆ, ಹೊಗೆಯ ವಾಸನೆ, ಎಲ್ಲ ಹೋಯಿತು.

ಸುಭದ್ರಾ ಅದನ್ನು ಮೂಗಿಗೆ ಹಿಡಿದಳು. "ಅವಳ ವಾಸನೆ ಇತ್ತು ಇದರಲ್ಲಿ. ನಮ್ಮ ಮನೆಯಲ್ಲಿ ಯಾರೂ ಇದಕ್ಕೆ ನೀರು ಮುಟ್ಟಿಸಿರಲಿಲ್ಲ!" ಎಂದವಳು ಬಟ್ಟೆಯನ್ನು ಎದೆಗವಚಿಕೊಂಡು ಇಳಿದು ಹೋದಳು.

"ಸಾರಿ ಅಂದಬಿಡು, ಮುಗೀತು. ಹಳೀ ಅರಿವಿ ಅದು," ಎಂದ ಉದಯಕುಮಾರ.

"ಹಂಗನ್ನಬ್ಯಾಡ್ರಿ. ಆಕಿ ಮುತ್ತಜ್ಜೀನ್ನ ನಾನ ಕೈಯಾರೆ ತೊಳದು ಚೆಲ್ಲೀನಿ," ಎಂದು ಬಸವೇಶ್ವರಿ ಅತ್ತಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೂ ಕೇಳದೆ ನೀರಿಗೆ ಹಾಕಿದ್ದು ತಪ್ಪೇ.

ಆಮೇಲೆ ಮೆಟ್ಟಿಲ ಮೇಲೆ ಎದುರಾದರೂ ಸುಭದ್ರಾ ಮುಖ ತಿರುಗಿಸಿ ನಡೆದಳು. ಬಸವೇಶ್ವರಿ ಮತ್ತೆ ಸೂಜಿ ಮುಟ್ಟಲಿಲ್ಲ.

ಪ್ರದರ್ಶನ ಹತ್ತಿರ ಬಂದಾಗ ಬಾಗಿಲು ಬಡಿದ ಸದ್ದಾಯಿತು. ಸುಭದ್ರಾ ನಿಂತಿದ್ದಳು, ಕೈಯಲ್ಲಿ ಅದೇ ಓಢಣಿ.

"ಹೊಲಿದುಕೊಡು."

"ಧೈರ್ಯ ಆಗುತ್ತಿಲ್ಲ ದೀದಿ."

"ಹಾಲೆಂಡಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಆಮೇಲೆ ಅಮ್ಮ ಹೇಳಿದಳು, ಮುತ್ತಜ್ಜಿ ಹಗಲೆಲ್ಲ ಕಬ್ಬು ಕಡಿದು ಬಂದು ತೋಟದ ಸಾಹೇಬರ ಮನೆಯ ಬಟ್ಟೆ ಒಗೆಯುತ್ತಿದ್ದಳಂತೆ, ಮುದುಕಿಯಾಗುವ ತನಕ." ಸುಭದ್ರಾ ಓಢಣಿಯನ್ನು ಬಸವೇಶ್ವರಿಯ ಕೈಗಿಟ್ಟಳು. "ಅವಳ ಬಟ್ಟೆಯನ್ನು ಇನ್ನೊಬ್ಬರು ಒಗೆದದ್ದು ಇದೇ ಮೊದಲಂತೆ."

ಬಸವೇಶ್ವರಿ ಅವಳನ್ನು ಒಳಗೆ ಕರೆದು ಪಕ್ಕದಲ್ಲಿ ಕೂಡಿಸಿಕೊಂಡು, ಕಣ್ಣೊರೆಸಿಕೊಂಡು, ಸೂಜಿಗೆ ದಾರ ಪೋಣಿಸಿದಳು.