ತಿಂಥಣಿಗಾಗಿ ಉಳಿಸಿದ ಪೆಟ್ರೋಲು

ಖಾಜಾಹುಸೇನ ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ನಿಜಾಮರ ಕಾಲದಲ್ಲಿ ಅವನ ಬಸ್ಸು ಹತ್ತಿದವರು ತಲೆಯ ಪಟಗಾ ಒಂದು ಕೈಯಲ್ಲಿ ಹಿಡಿದೇ ಕೂಡಬೇಕಾಗಿತ್ತು, ಅಷ್ಟು ಜೋರು.

ನಲವತ್ತೆಂಟರಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಆಳಿಕೆ ಮುಗಿಯಿತು. ನಿಜಾಮರ ಪರವಾಗಿ ಹಾವಳಿ ಎಬ್ಬಿಸಿದ್ದ ರಜಾಕಾರರ ಮೇಲಿದ್ದ ಸಿಟ್ಟು ಆ ಗದ್ದಲದಲ್ಲಿ ಏನೂ ಮಾಡದ ಮುಸಲ್ಮಾನರ ಮೇಲೂ ತಿರುಗಿತು. ಖಾಜಾಹುಸೇನ ಹೆಂಡತಿ ರಾಬಿಯಾಳನ್ನು ಕರೆದುಕೊಂಡು ಸುರಪುರ ಬಿಟ್ಟು ಕೃಷ್ಣೆಯ ಕಡೆ ನಡೆದ. ಹೊಳೆದಂಡೆಯ ತಿಂಥಣಿಯಲ್ಲಿ ಅವರಿಗೆ ಗುರುತಿದ್ದವಳು ಒಬ್ಬಳೇ, ಮರಿಲಿಂಗಮ್ಮ. ವಾರಕ್ಕೊಮ್ಮೆ ಮೀನಿನ ಬುಟ್ಟಿ ಹೊತ್ತು ಸುರಪುರದ ಸಂತೆಗೆ ಬರುತ್ತಿದ್ದಳು. ರಾಬಿಯಾ ಅವಳ ಹತ್ತಿರವೇ ಮೀನು ಕೊಳ್ಳುತ್ತಿದ್ದಳು. ಪರಿಚಯ ಅಷ್ಟೇ. ಮರಿಲಿಂಗಮ್ಮ ಮತ್ತು ಅವಳ ಗಂಡ ಭಾಗಣ್ಣ ಓಡಿಬಂದ ಇಬ್ಬರನ್ನೂ ತಮ್ಮ ಮನೆಯ ಬಲೆ ಇಡುವ ಕೋಣೆಯಲ್ಲಿ ಹತ್ತೊಂಬತ್ತು ದಿನ ಇಟ್ಟುಕೊಂಡರು. ಒಂದು ದಿನ ಕೋಲು ಹಿಡಿದ ನಾಲ್ಕು ಮಂದಿ ಬಂದು ಒಳಗೆ ಯಾರಿದ್ದಾರೆಂದು ಕೇಳಿದಾಗ ಮರಿಲಿಂಗಮ್ಮ ಬಾಗಿಲು ಬಿಟ್ಟು ಕದಲಲಿಲ್ಲ.

"ನಮ್ಮ ಮನ್ಯಾಗ ನಮ್ಮ ಮಂದಿನೇ ಅದಾರ" ಎಂದಳು.

ಊರು ತಣ್ಣಗಾದ ಮೇಲೆ ಬಸ್ಸಿನ ಮಾಲಕ ಹಣಮಂತ್ರಾಯ ಸಾಹುಕಾರರು ಒಂದು ಮಾತೂ ಕೇಳದೆ ಖಾಜಾಹುಸೇನನಿಗೆ ಕೆಲಸ ಮರಳಿ ಕೊಟ್ಟರು. ಮುಂದಿನ ಸಂತೆಗೆ ರಾಬಿಯಾ ಹೊಸ ಸೀರೆ ತೆಗೆದುಕೊಂಡು ಮರಿಲಿಂಗಮ್ಮನಿಗಾಗಿ ಕಾದಳು. ಅವಳು ಮಧ್ಯಾಹ್ನ ಮೀರಿ ಬಂದಳು. ಹನ್ನೆರಡು ಮೈಲು ನಡೆದು ಕಾಲು ಬಾತಿದ್ದವು, ಅರ್ಧ ಬುಟ್ಟಿ ಮೀನು ಕೆಟ್ಟಿತ್ತು. ಸೀರೆ ಬೇಡವೆಂದಳು, ನಿನ್ನ ಗಂಡನ ಬಸ್ಸು ನಮ್ಮೂರಿಗೂ ಬಂದರೆ ಚಲೋ ಇತ್ತು ನೋಡು ಎಂದು ನಕ್ಕಳು.

ರಾಬಿಯಾ ಆ ಮಾತನ್ನು ಗಂಡನಿಗೆ ಹೇಳಿದಳು. ಅವನು ಸಾಹುಕಾರರ ಮುಂದೆ ಹೋಗಿ ನಿಂತ. ಆಗ ಪೆಟ್ರೋಲು ಸರ್ಕಾರದ ಕೂಪನ್ನಿನ ಮೇಲೆ, ಅಳತೆಯಲ್ಲಿ. ಸಿಗುವುದು ಸುರಪುರದ ತನಕ ಹೋಗಿ ಬರುವಷ್ಟೇ, ತಿಂಥಣಿಗೆ ಎಲ್ಲಿಂದ ತರಲಿ ಎಂದು ಸಾಹುಕಾರರು ಕೇಳಿದರು.

"ಇದರಾಗ ಉಳಿಸಿದ್ರ ಬಸ್ ಅಲ್ಲಿಗೆ ಒಯ್ಲೇನ್ರಿ?"

"ಉಳಿಸಿ ತೋರಿಸು, ಒಯ್ಯಿ. ಸುರಪುರದ ಬಸ್ ಮಾತ್ರ ಒಂದ್ ದಿನಾನೂ ತಪ್ಪಬಾರ್ದು."

ಮರುದಿನದಿಂದ ಖಾಜಾಹುಸೇನನ ಬಸ್ಸು ನಡಿಗೆ ಬದಲಿಸಿತು. ಏರಿನಲ್ಲಿ ಇಂಜಿನ್ನನ್ನು ಅರಚಿಸಲಿಲ್ಲ. ತಿರುವು ಬರುವ ಮೊದಲೇ ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕಿನ ಕೆಲಸ ಕಡಿಮೆ ಮಾಡಿದ. ಬಸ್ಸು ನಿಂತಲ್ಲೆಲ್ಲ ಇಂಜಿನ್ ಆರಿಸಿ, ಮತ್ತೆ ಚಾಲೂ ಮಾಡಲು ತಾನೇ ಇಳಿದು ಮುಂದಿನ ಹ್ಯಾಂಡಲ್ ತಿರುವುತ್ತಿದ್ದ. ಸಂಜೆ ಪೆಟ್ರೋಲಿನ ಟಾಕಿಯಲ್ಲಿ ಬಿದಿರಿನ ಕಡ್ಡಿ ಇಳಿಸಿ ನೋಡಿದರೆ ದಿನಕ್ಕೆ ಸುಮಾರು ಅರ್ಧ ಗ್ಯಾಲನ್ ಉಳಿಯುತ್ತಿತ್ತು.

ಪ್ರಯಾಣಿಕರಿಗೆ ಸಿಟ್ಟು ಬಂತು. ಎತ್ತಿನ ಬಂಡಿಯೇ ವಾಸಿ ಎಂದರು. ಶಹಾಪುರದ ಬಟ್ಟೆ ವ್ಯಾಪಾರಿ ಸೂಗಪ್ಪನಿಗಂತೂ ಯಾದಗಿರಿಯಲ್ಲಿ ರೈಲೇ ತಪ್ಪಿತು. ಎಲ್ಲರೆದುರು ಬೈದ. ಖಾಜಾಹುಸೇನ ತಲೆ ತಗ್ಗಿಸಿ ಕೇಳಿಸಿಕೊಂಡು, ತಪ್ಪು ತನ್ನದೆಂದು ಒಪ್ಪಿ, ಕಾರಣ ಹೇಳಿದ. ನಾಳೆಯಿಂದ ಅರ್ಧ ತಾಸು ಮೊದಲೇ ಹೊರಡುತ್ತೇನೆ ಎಂದ. ಸೂಗಪ್ಪ ಗೊಣಗುತ್ತ ಹೋದ. ಆದರೆ ಎರಡು ದಿನದ ಮೇಲೆ ಶಹಾಪುರದಲ್ಲಿ ಮಂದಿಯನ್ನು ಬೇಗ ಹತ್ತಿಸುತ್ತ ನಿಂತಿದ್ದವನು ಅವನೇ.

ಮುಂದಿನ ಸಂತೆಯ ದಿನ ಬೆಳಗಾಗುತ್ತಲೇ ಬಸ್ಸು ಬಂಡಿದಾರಿ ಹಿಡಿದು ತಿಂಥಣಿಗೆ ಬಂತು. ಎರಡು ದಿನ ಮೊದಲೇ ರಾಬಿಯಾ ಸುದ್ದಿ ಮುಟ್ಟಿಸಿದ್ದರೂ ಮರಿಲಿಂಗಮ್ಮ ನಂಬಿರಲಿಲ್ಲ. ಬುಟ್ಟಿ ಹೊತ್ತು ಆಗಲೇ ನಡೆಯತೊಡಗಿದ್ದಳು. ಖಾಜಾಹುಸೇನ ಇಳಿದು ಬುಟ್ಟಿ ಇಳಿಸಿಕೊಂಡು ಅವಳನ್ನು ತನ್ನ ಹಿಂದಿನ ಸೀಟಿನಲ್ಲಿ ಕೂಡಿಸಿದ.

ಮೈಲು ಹೋಗುವಷ್ಟರಲ್ಲಿ ಅವಳಿಗೆ ಚಡಪಡಿಕೆ. "ಇಷ್ಟ್ಯಾಕ ಮೆಲ್ಲಕ ಹೊಡೀತಿ ತಮ್ಮಾ? ಮೀನ ಕೆಡ್ತಾವ."

"ಮೆಲ್ಲಕ ಹೊಡದಿದ್ದಕ್ಕ ಬಸ್ ನಿಮ್ಮೂರ ಮುಟ್ಯಾದ ಯಕ್ಕಾ."

ಆರು ದಿನ ಹೇಗೆ ಉಳಿಸಿದೆನೆಂದು ಆಮೇಲೆ ಹೇಳಿದ. ಮರಿಲಿಂಗಮ್ಮ ಹಿಂದಿನಿಂದ ಅವನ ಬೆನ್ನ ಮೇಲೆ ಕೈಯಿಟ್ಟಳು. ಸುರಪುರ ಬರುವ ತನಕ ತೆಗೆಯಲಿಲ್ಲ. ಆ ದಿನ ಹೊತ್ತು ಏರುವ ಮೊದಲೇ ಬುಟ್ಟಿ ಖಾಲಿಯಾಯಿತು.

ಕೂಪನ್ನು ಹೋಗಿ ಪೆಟ್ರೋಲು ಧಾರಾಳವಾದ ಮೇಲೆ ಸಾಹುಕಾರರು ತಿಂಥಣಿಯ ಬಸ್ಸನ್ನು ದಿನವೂ ಬಿಟ್ಟರು. ಸುರಪುರದಲ್ಲಿ ಕನ್ನಡ ಶಾಲೆ ಶುರುವಾದಾಗ ಮರಿಲಿಂಗಮ್ಮನ ಮಗಳು ಮಾನಮ್ಮ ಅದರಲ್ಲೇ ಬಂದು ಓದಿದಳು. ಮಧ್ಯಾಹ್ನದ ರೊಟ್ಟಿ ರಾಬಿಯಾಳ ಮನೆಯಲ್ಲಿ.