ಹೊಳೆಯೊಳಗಿನ ದೇವಿಯ ಬೆರಳು

ಆಗ ಕೃಷ್ಣಾ ನದಿಗೆ ಇನ್ನೂ ಬ್ಯಾರೇಜು ಕಟ್ಟಿರಲಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುತ್ತಿತ್ತು, ಅದರೊಳಗಿನ ಹಳೆಯ ಗುಡಿ ಮೇಲೆ ಕಾಣುತ್ತಿತ್ತು. ಐನಾಪುರದ ಆಚೆ, ದಂಡೆಯ ಮೇಲಿನ ನಮ್ಮೂರು ಕಟ್ಟಿದ್ದೇ ಒಂದು ಹಾಳೂರಿನ ಮೇಲೆ. ಅದರ ಅರ್ಧ ನಮ್ಮ ಮನೆಗಳ ಕೆಳಗೆ, ಅರ್ಧ ಹೊಳೆಯಲ್ಲಿ. ನಮ್ಮ ಮನೆಯ ಮೆಟ್ಟಿಲಿನಲ್ಲಿ ಆನೆ ಕೆತ್ತಿತ್ತು. ಎಮ್ಮೆ ಕಟ್ಟುತ್ತಿದ್ದುದು ಗುಡಿಯ ಕಂಬಕ್ಕೆ. ಯಾರಿಗೂ ಅದು ದೊಡ್ಡ ಸಂಗತಿ ಅನಿಸುತ್ತಿರಲಿಲ್ಲ.

ನಾನು ಮೂರನೇ ಇಯತ್ತೆ, ತಂಗಿ ಗಂಗವ್ವ ಎರಡನೇ ಇಯತ್ತೆ. ಮುಂಜಾನೆ ಶಾಲೆ ಮುಗಿಸಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊಳೆಯೊಳಗಿನ ಆ ಗುಡಿಗೆ ಓಡುತ್ತಿದ್ದೆವು. ಒಣಗಿದ ಪಾಚಿ, ಮೀನಿನ ವಾಸನೆ. ಕಂಬ ಮುಟ್ಟುವ ಆಟ. ಒಳಗೆ ಸೊಂಟದ ತನಕ ಉಸುಕಿನಲ್ಲಿ ಹೂತ ದೇವಿಯೊಬ್ಬಳಿದ್ದಳು. ನೀರು ಇಳಿದ ಮೇಲೆ ವರ್ಷಕ್ಕೊಮ್ಮೆ ಹೆಂಗಸರು ಅವಳಿಗೆ ಅರಿಶಿಣ ಹಚ್ಚಿ ಉಡಿ ತುಂಬುತ್ತಿದ್ದರು.

ಅವಳು ಬಳಪದ ಕಲ್ಲಿನವಳೆಂದು ಕಂಡುಹಿಡಿದವನು ನಾನು. ಉಗುರಿನಿಂದ ಗೀರಿದರೆ ಬಿಳಿ ಗೆರೆ ಮೂಡುತ್ತಿತ್ತು. ನಾನು ಬಳಪ ಕಳೆದುಕೊಳ್ಳುವುದನ್ನು ನೋಡಿ ಸಾಕಾಗಿ, ಅಪ್ಪ ಇನ್ನು ಕೊಡಿಸುವುದಿಲ್ಲ ಎಂದಿದ್ದ. ಒಂದು ಮಧ್ಯಾಹ್ನ ಕಲ್ಲಿನಿಂದ ಕುಟ್ಟಿ ಅವಳ ಎರಡು ಬೆರಳು ಮುರಿದೆ. ಪಾಟಿಯ ಮೇಲೆ ಚೆಂದ ಬರೆದವು.

"ಬ್ಯಾಡೋ ಅಣ್ಣಾ, ದೇವರ ಬೆರಳ ಅದಾವು!" ಎಂದಳು ಗಂಗವ್ವ.

"ಆಕಿಗೇನ ಸಾಲಿ ಐತೇನಬೇ? ತಗೋ ಒಂದ, ನನ್ನ ಲೆಕ್ಕಾ ಮಾಡಿಕೊಡು."

ಒಂದು ಇಯತ್ತೆ ಕೆಳಗಿದ್ದರೂ ನನ್ನ ಲೆಕ್ಕಗಳನ್ನು ಅವಳೇ ಮಾಡುತ್ತಿದ್ದಳು.

ಉಡಿ ತುಂಬುವ ದಿನ ನಾವು ಮಕ್ಕಳು ಶಾಲೆಯಿಂದ ಚೀಲದ ಸಮೇತ ಬಂದಿದ್ದೆವು. ಬೆರಳಿಲ್ಲದ್ದು ಎಲ್ಲರ ಕಣ್ಣಿಗೆ ಬಿತ್ತು. ಪೂಜೆಯ ಗುರವಜ್ಜ, "ಇದು ಪಾಟಿ ಹಿಡಿಯೂ ಮಕ್ಕಳ ಕೆಲಸ ಐತಿ. ಚೀಲಾ ಸುರವಿಸ್ರಿ" ಎಂದ. ನಾನು ನನ್ನ ಪಾಲಿನ ಬೆರಳನ್ನು ಮೆಲ್ಲಗೆ ಹೊಳೆಗೆ ಎಸೆದೆ. ಗಂಗವ್ವನ ಚೀಲದಿಂದ ಅವಳದು ಉರುಳಿತು.

"ಯಾರ ಮುರದಾರು?" ಅಪ್ಪ ಕೇಳಿದ.

ಅವಳು ನನ್ನ ಕಡೆ ನೋಡಿದಳು.

"ಆಕಿನ ಮುರದಾಳಪ್ಪಾ. ಬ್ಯಾಡಂತ ಹೇಳಿದ್ನಿ, ಕೇಳಲಿಲ್ಲ" ಎಂದೆ. ಅವಳಾಡಿದ ಮಾತನ್ನೇ ನನ್ನದು ಮಾಡಿಕೊಂಡಿದ್ದೆ.

ಅಪ್ಪ ಹೊಡೆಯಲಿಲ್ಲ. "ಬರಿಯೂ ಹುಚ್ಚು ಹೆಚ್ಚಾಗೇತಿ. ಸಾಲಿ ಸಾಕು, ನಾಳಿಂದ ಆಡು ಕಾಯಿ" ಎಂದ.

ಮರುದಿನದಿಂದ ಅವಳು ಆಡುಗಳ ಹಿಂದೆ ಹೋದಳು. ನಿಜ ಹೇಳಲು ನನಗೆ ಆ ಬೇಸಿಗೆಯಿಡೀ ಸಮಯವಿತ್ತು. ಹೇಳಲಿಲ್ಲ. ಲೆಕ್ಕ ಬಾರದೆ ಐದನೇ ಇಯತ್ತೆಗೆ ನಾನೂ ಶಾಲೆ ಬಿಟ್ಟೆ.

ಹೋದ ವರ್ಷ ಕರೋಶಿಯಲ್ಲಿರುವ ಅವಳ ಮನೆಗೆ ಹೋಗಿ, ತಪ್ಪಾಯಿತು ಎಂದೆ. "ಹೋಗ್ಲಿ ಬಿಡೋ ಅಣ್ಣಾ" ಎಂದು ಚಹಾ ಕೊಟ್ಟಳು. ಆಮೇಲೆ ಕೇಳಿದಳು:

"ಮೂರನೇ ಇಯತ್ತೆದಾಗ ಏನೇನ ಕಲಸತಿದ್ರು? ಒಂದ ಪಾಠರೆ ಹೇಳು."

ಆ ಇಯತ್ತೆಯಲ್ಲಿ ಒಂದು ವರ್ಷ ಕೂತವನು ನಾನು. ಚಹಾ ಆರುವ ತನಕ ಯೋಚಿಸಿದೆ. ಒಂದೂ ನೆನಪಾಗಲಿಲ್ಲ.